ರತ್ನಕ್ಕನನ್ನು ಇನ್ನೊಂದು ಸಲ ಕೇಳಿ

ಗುಬ್ಬಿ

ಮೊದಲೇ ಹೇಳಿಬಿಡುತ್ತೇನೆ. ನೆದರ್ಲೆಂಡ್ಸ್ ದೇಶದಲ್ಲಿ ಗಾಳಿಯಂತ್ರ ಹೇಗೆ ತಿರುಗುತ್ತದೆ, ಟುಲಿಪ್ ಹೂವು ಯಾವಾಗ ಅರಳುತ್ತದೆ ಎಂದು ತಿಳಿಯಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ. ನಾನು ಅಲ್ಲಿ ಒಂದು ಗಾಳಿಯಂತ್ರವನ್ನೂ ನೋಡಲಿಲ್ಲ. ಅರ್ಧ ದಿನ ಹಸಿದುಕೊಂಡಿದ್ದೆ, ಮಿಕ್ಕರ್ಧ ದಿನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಒಂದು ಮಧ್ಯಾಹ್ನ ಮಾತ್ರ ಪ್ರಾಣ ಬಾಯಿಗೆ ಬಂದಿತ್ತು. ಹೇಳುವುದಿದ್ದರೆ ಅದನ್ನೇ ಹೇಳಬೇಕು.

ನಾನು ನಸೀಮಾ. ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಮಹಡಿ ಹತ್ತಿದರೆ ಇಂಗ್ಲಿಷ್. ಊರಿನ ಅರ್ಧದಷ್ಟು ಹುಡುಗಿಯರು ನನ್ನ ಬೈಗುಳ ತಿಂದೇ ಇಂಟರ್‌ವ್ಯೂ ಪಾಸ್ ಮಾಡಿದ್ದಾರೆ. ಆದ್ದರಿಂದ ನನಗೆ ನನ್ನ ಇಂಗ್ಲಿಷಿನ ಬಗ್ಗೆ ಸ್ವಲ್ಪ ಜಂಬ ಇತ್ತು. ಈ ಪ್ರಯಾಣ ಅದನ್ನೂ ಇಳಿಸಿತು ಅನ್ನಿ.

ಒಂದು ದಿನ ಆ ಮೆಟ್ಟಿಲು ಹತ್ತಿ ಬಂದವರು ಗುಬ್ಬಿಯ ರತ್ನಕ್ಕ. ಹೆಂಗಸರ ತಮಟೆ ತಂಡ ಕಟ್ಟಿದವರು. ತಮಟೆ ಎಂದರೆ ನಮ್ಮ ಕಡೆ ಹೇಗೆಂದು ನಿಮಗೆ ಗೊತ್ತೇ ಇದೆ. ಸಾವಿಗೂ ಬೇಕು, ಮದುವೆಗೂ ಬೇಕು, ದೇವರಿಗೂ ಬೇಕು, ಬಡಿಯುವವರು ಮಾತ್ರ ಬಾಗಿಲಾಚೆ ನಿಲ್ಲಬೇಕು. ರತ್ನಕ್ಕನ ಅಪ್ಪ ಜೀವಮಾನವೆಲ್ಲ ಹಾಗೇ ನಿಂತು ಬಡಿದವರು. ಮಗಳು ಆ ತಮಟೆಯನ್ನು ಗಂಡಸರ ಕೈಯಿಂದ ಇಸಕೊಂಡು ಹೆಂಗಸರ ಕೈಗೆ ಕೊಟ್ಟರು. ರಸ್ತೆ ಗುಡಿಸುವವರು, ಗಾರ್ಮೆಂಟ್ಸಿಗೆ ಹೋಗುವವರು, ಬೀಡಿ ಸುತ್ತುವ ನಮ್ಮ ಗಲ್ಲಿಯ ಖಾಲಾ ಒಬ್ಬರು, ಎಲ್ಲ ಇದ್ದಾರೆ ತಂಡದಲ್ಲಿ. ಕೂಲಿ ಹಿಡಿದಿಟ್ಟುಕೊಂಡ ಯಜಮಾನನ ಗೇಟಿನ ಮುಂದೆ, ಬೇರೆ ಲೋಟ ಇಡುವ ಹೋಟೆಲಿನ ಮುಂದೆ ಹೋಗಿ ನಿಂತು ಬಡಿಯುತ್ತಾರೆ, ಹಾಡುತ್ತಾರೆ. ಹಾಡು ಮುಗಿಯುವ ಹೊತ್ತಿಗೆ ಒಳಗಿದ್ದವರಿಗೆ ಬೆವರು ಬಂದಿರುತ್ತದೆ.

ಇಷ್ಟೆಲ್ಲ ಮಾಡುವ ತಂಡಕ್ಕೆ ಅಭ್ಯಾಸ ಮಾಡಲು ಒಂದು ಕೋಣೆ ಇರಲಿಲ್ಲ. ಗುಬ್ಬಿಯ ರೈಲ್ವೆ ಸೇತುವೆ ಕೆಳಗೆ ನಿಂತು ಕಲಿಯುತ್ತಿದ್ದರು. ಗೂಡ್ಸ್ ಗಾಡಿ ಬಂತೆಂದರೆ ಆಮೇಲೆ ತಾಳ ಗಾಡಿಯದೇ. ಬಾಡಿಗೆಗೆ ಕೇಳಿದ ಕಡೆಯೆಲ್ಲ ಎರಡೇ ಮಾತು. ಮೊದಲು "ನಿಮ್ದು ಯಾವ ಜನ?", ಆಮೇಲೆ "ಸೌಂಡ್ ಜಾಸ್ತಿ ಆಯ್ತದೆ." ಶಾರದಮ್ಮ ಎಂಬುವವರ ಮನೆಯ ಮುಂದಿನ ಕೋಣೆ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಅವರು ಗೇಟನ್ನೇ ತೆಗೆಯದೆ, ಸರಳುಗಳ ಸಂದಿಯಿಂದಲೇ, "ನಮ್ಮನೆಯವ್ರಿಗೆ ತಲೆನೋವು ಕಣಮ್ಮ" ಎಂದು ಹೇಳಿ ಕಳಿಸಿದರು. ಅವರ ಎದುರಿಗೇ ಒಂದು ಹಳೇ ಕೊಬ್ಬರಿ ಗೋದಾಮು ಇತ್ತು. ಅದರ ಮಾಲೀಕ ತಿಪಟೂರಿನವನು, ಜಾತಿ ಕೇಳಲಿಲ್ಲ. "ಲೀಜಿನ ದುಡ್ಡು ಒಟ್ಟಿಗೆ ಇಟ್ರೆ ಯಾರ್ ಬೇಕಾದ್ರೂ ಬನ್ನಿ" ಅಂದ. ಒಟ್ಟಿಗೆ ಎಲ್ಲಿಂದ ತರುವುದು?

"ಬೀಗ ಹಾಕೋ ಅಂತ ಒಂದ್ ಬಾಗ್ಲು ಬೇಕು ಕಣ್ ಮಿಸ್ಸೇ. ಅದ್ರ ಕೀ ನನ್ ಸೊಂಟ್ದಾಗಿರ್ಬೇಕು. ಅಷ್ಟೇಯ" ಎಂದರು ರತ್ನಕ್ಕ. ಟೀಚರನ್ನು ಮಿಸ್ಸು ಎಂದು ಕರೆಯುವುದು ನಮ್ಮ ಕಡೆಯ ಪದ್ಧತಿ, ನನಗೆ ಮೂವರು ಮಕ್ಕಳಿದ್ದರೂ ನಾನು ಮಿಸ್ಸೇ.

ಹಾಡು, ಕುಣಿತ, ನಾಟಕ ಇಟ್ಟುಕೊಂಡು ನ್ಯಾಯ ಕೇಳುವ ಸಣ್ಣ ಸಣ್ಣ ತಂಡಗಳಿಗೆ ದುಡ್ಡು ಕೊಡುವ ಒಂದು ಸಂಸ್ಥೆ ನೆದರ್ಲೆಂಡ್ಸಿನಲ್ಲಿದೆ ಎಂದು ಯಾರೋ ಹೇಳಿದ್ದರು. ನಾನು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಅವರ ರೀತಿಯೇ ಬೇರೆ. ಯಾರಿಗೆ ಕೊಡಬೇಕೆಂದು ಆಫೀಸರುಗಳು ತೀರ್ಮಾನಿಸುವುದಿಲ್ಲ. ಅರ್ಜಿ ಹಾಕಿದವರೆಲ್ಲ ಬಂದು ಒಂದೇ ಕೋಣೆಯಲ್ಲಿ ಗುಂಡಗೆ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ತೀರ್ಮಾನ ಮಾಡಬೇಕು. ಟಿಕೆಟ್ ಅವರದೇ. ಹಾಗಾಗಿ ಹೊರಟೆವು ನಾವು ಮೂವರು: ರತ್ನಕ್ಕ, ಅನುವಾದಕ್ಕೆ ನಾನು, ಹಾಡುವುದಕ್ಕೆ ಕುಣಿಗಲ್ಲಿನ ಮಂಜುಳಾ. ಮಂಜುಳಾ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಗಂಟಲು ಬಿಟ್ಟಳೆಂದರೆ ಹೆಬ್ಬೂರು ಬಸ್ಸಿನ ಹಾರನ್ನೂ ನಾಚಬೇಕು.

ಆಕಾಶ

ಏರ್‌ಪೋರ್ಟಿನಲ್ಲಿ ತಮಟೆಯನ್ನು ಮೂರು ಜನ ಸೇರಿ ತಿರುಗಿಸಿ ತಿರುಗಿಸಿ ನೋಡಿದರು. ಇದೇನು ಎಂದು ಕೇಳಿದ ಸೆಕ್ಯುರಿಟಿಯವನಿಗೆ ರತ್ನಕ್ಕ ಬಾಯಲ್ಲಿ ಉತ್ತರ ಕೊಡಲಿಲ್ಲ, ನಿಂತಲ್ಲೇ ಎರಡು ಏಟು ಬಡಿದು ತೋರಿಸಿದರು. ಹಿಂದಿನ ಸಾಲಿನಲ್ಲಿದ್ದ ಮಗು ಕುಣಿಯಿತು. ಅವನು ನಗುತ್ತಾ ಬಿಟ್ಟುಬಿಟ್ಟ.

ವಿಮಾನದಲ್ಲಿ ಊಟದ ಗಾಡಿ ಬಂತು. ಗಗನಸಖಿ ಬಾಗಿ, ಊಟ ಬೇಕೇ ಎಂದು ನಯವಾಗಿ ಕೇಳಿದಳು. ರತ್ನಕ್ಕನಿಗೆ ಅದು ಅರ್ಥವಾಗುವುದಕ್ಕೆ ನನ್ನ ಅನುವಾದ ಬೇಕಾಗಲಿಲ್ಲ. "ಬ್ಯಾಡ ಕಣವ್ವ, ಈಗ್ತಾನೆ ಉಂಡ್ಕಂಡ್ ಬಂದೆ" ಎಂದು ಕೈ ಅಡ್ಡ ಹಿಡಿದರು. ನಾನೂ ಒಂದು ಮರ್ಯಾದೆಗೆ "ನೋ, ಥ್ಯಾಂಕ್ಯೂ" ಅಂದೆ. ಅಂದು ಸೋಮವಾರ, ಮಂಜುಳಾಗೆ ಶಿವನ ಹೆಸರಿನಲ್ಲಿ ಒಪ್ಪತ್ತು. ಗಾಡಿ ಮುಂದೆ ಹೋಯಿತು.

ನಾವು ಕಾದೆವು. ಗಾಡಿ ಹಿಂದಿನ ಸೀಟುಗಳನ್ನೆಲ್ಲ ಮುಗಿಸಿತು. ಪರದೆ ಎಳೆದರು. ದೀಪ ಆರಿಸಿದರು.

"ಏನ್ ಮಿಸ್ಸೇ, ಇನ್ನೊಂದ್ಸಲ ಕೇಳಕ್ಕೆ ಬರ್ಲೇ ಇಲ್ವಲ್ಲ?" ಎಂದರು ರತ್ನಕ್ಕ. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಜಾಸ್ತಿ ಇತ್ತು. ಮಂಜುಳಾ ತನ್ನ ಬ್ಯಾಗಿನಿಂದ ಚಕ್ಕುಲಿ ಡಬ್ಬಿ ತೆಗೆದಳು. ಆ ಕತ್ತಲಲ್ಲಿ ನಾವಿಬ್ಬರು ಕರುಂ ಕರುಂ ಎಂದು ಅಗಿಯುತ್ತಾ ಅರಬ್ಬೀ ಸಮುದ್ರ ದಾಟಿದೆವು. ವ್ರತದವಳು ನಮ್ಮನ್ನು ನೋಡುತ್ತಾ ಎಂಜಲು ನುಂಗಿದಳು.

ಉಟ್ರೆಕ್ಟ್: ಕೆಂಪು ದಾರಿ

ನಮ್ಮನ್ನು ಕರೆದುಕೊಂಡು ಹೋಗಲು ಉಟ್ರೆಕ್ಟ್ ಊರಿನ ರೈಲು ಸ್ಟೇಷನ್ನಿಗೆ ಬಂದವಳು ಮಾರ್ಲೀಸ್. ಆ ಸಂಸ್ಥೆಯಲ್ಲಿ ಕೆಲಸ ಮಾಡುವವಳು. ಎಷ್ಟು ಎತ್ತರವೆಂದರೆ ಅವಳ ಜೊತೆ ಮಾತಾಡಿ ಮಾತಾಡಿ ಸಂಜೆಗೆ ನನ್ನ ಕತ್ತು ಹಿಡಿದುಕೊಂಡಿತ್ತು. ಒಳ್ಳೆಯ ಹೆಂಗಸು. ಮನಸ್ಸಿನಲ್ಲಿದ್ದದ್ದೇ ಬಾಯಲ್ಲಿ. "ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಸ್ವಲ್ಪ ಹಳೆಯದು" ಎಂದು ಮೊದಲ ಭೇಟಿಯಲ್ಲೇ ಹೇಳಿಬಿಟ್ಟಳು. ನಾನು ನಕ್ಕೆ. ಒಳಗೊಳಗೇ ಉರಿದುಹೋದೆ.

ಸ್ಟೇಷನ್ನಿನ ಹೊರಗೆ ಬಂದರೆ, ಅಗಲವಾದ ಕೆಂಪು ದಾರಿ. ನಯವಾಗಿ, ಕಸವಿಲ್ಲದೆ, ನಮ್ಮ ಕಾಲ ಬಳಿಯಿಂದ ಊರೊಳಗೆ ಹೋಗುತ್ತಿತ್ತು. ಮಂತ್ರಿಗಳು ಬಂದಾಗ ತುಮಕೂರಿನಲ್ಲಿ ಹಾಸುವ ಕೆಂಪು ಜಮಖಾನ ನೆನಪಾಯಿತು. ಮಂಜುಳಾ ಸೆರಗು ಸರಿ ಮಾಡಿಕೊಂಡು, "ಅಕ್ಕಾ, ನಮಗೇ ಹಾಸವ್ರೆ ಕಣಕ್ಕ!" ಎಂದಳು. ನಾವು ಮೂವರೂ ಕೈ ಕೈ ಹಿಡಿದುಕೊಂಡು ಗಂಭೀರವಾಗಿ ಅದರ ಮೇಲೆ ನಡೆದೆವು. ಹಿಂದಿನಿಂದ ಟ್ರಿಣ್ ಎಂದಿತು. ಆಮೇಲೆ ಟ್ರಿಣ್ ಟ್ರಿಣ್ ಟ್ರಿಣ್. ತಿರುಗಿದರೆ ಇಡೀ ಊರು ಸೈಕಲ್ ಮೇಲೆ ನಮ್ಮ ಮೇಲೆಯೇ ಬರುತ್ತಿದೆ! ಸೂಟು ಹಾಕಿದವರು, ಮುಂದೆ ಡಬ್ಬದಲ್ಲಿ ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು, ನಮ್ಮಜ್ಜಿಯ ವಯಸ್ಸಿನವರು. ಅದು ಸೈಕಲ್ ದಾರಿಯಂತೆ. ಬೆಳ್ಳಿ ಕೂದಲಿನ ಅಜ್ಜಿಯೊಬ್ಬಳು ನಮಗೆ ಬೈದುಕೊಂಡೇ ಹಾದುಹೋದಳು. ಭಾಷೆ ತಿಳಿಯಲಿಲ್ಲ, ಬೈಗುಳ ತಿಳಿಯಿತು. ರತ್ನಕ್ಕ ಪಕ್ಕದ ಹುಲ್ಲಿನ ಮೇಲೆ ಹಾರಿ, ತಮಟೆಯನ್ನು ಎದೆಗವಚಿಕೊಂಡು, ಬಿದ್ದು ಬಿದ್ದು ನಕ್ಕರು.

ಮಾರ್ಲೀಸ್ ತನ್ನ ಮನೆಯಲ್ಲಿ ಕಾಫಿ ಕೊಟ್ಟಳು. ಜೊತೆಗೆ ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದು ಹಿಡಿದಳು. ಒಳಗೆ ಬೆಣ್ಣೆ ಬಿಸ್ಕತ್ತು. ರತ್ನಕ್ಕ "ಬ್ಯಾಡ ಬುಡಿ" ಎಂದರು, ಡಬ್ಬಿ ಅವರನ್ನು ದಾಟಿತು. ನಾನು ಕೈ ಮುಂದೆ ಮಾಡಬೇಕೋ ಬೇಡವೋ ಎನ್ನುತ್ತಿರುವಾಗಲೇ ನನ್ನನ್ನೂ ದಾಟಿತು. ಮಂಜುಳಾ ಮಾತ್ರ ತಕ್ಷಣ ಒಂದನ್ನು ತೆಗೆದುಕೊಂಡಳು. ಡಬ್ಬಿ ಟಪ್ ಎಂದು ಮುಚ್ಚಿತು, ಎದ್ದು ಹೋಗಿ ಕಪಾಟಿನಲ್ಲಿ ಕೂತುಬಿಟ್ಟಿತು. ಒಬ್ಬರಿಗೆ ಒಂದೇ, ಅದೂ ಒಂದೇ ಸಲ.

ಹೊರಗೆ ಬಂದ ಮೇಲೆ ರತ್ನಕ್ಕ ಮಂಜುಳಾಗೆ ಕ್ಲಾಸ್ ತೆಗೆದುಕೊಂಡರು. "ಏನೇ ನೀನು, ಕೇಳಿದ್ ತಕ್ಷಣ ಕೈ ಹಾಕ್ಬುಟ್ಟೆ? ನಮ್ಮ ಮಾನ ಏನಾಗ್ಬೇಕು?"

"ಮಾನ ತಿಂದ್ರೆ ಹೊಟ್ಟೆ ತುಂಬ್ತದಾ ಅಕ್ಕ? ಬಿಸ್ಕತ್ತು ಭಾಳ ಚೆನ್ನಾಗಿತ್ತು" ಎಂದಳು ಅವಳು, ತುಟಿ ಒರೆಸಿಕೊಳ್ಳುತ್ತಾ.

ನಮ್ಮಲ್ಲಿ ಹೇಗೆ, ಯೋಚಿಸಿ. ಗೂಳೂರಿನ ಮದುವೆ ಇರಲಿ, ನಮ್ಮ ಗಲ್ಲಿಯ ನಿಕಾಹ್ ಇರಲಿ, ಮೊದಲ ಸಲಕ್ಕೇ ಹ್ಞೂಂ ಎಂದವರನ್ನು ಯಾರಾದರೂ ಮೆಚ್ಚುತ್ತಾರೆಯೇ? ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಬೆರಳ ಸಂದಿಯಲ್ಲೇ ಹೋಳಿಗೆ ತೂರಿಸಬೇಕು. ಬೇಡ ಅನ್ನುವುದು ಉಣ್ಣುವವರ ಕೆಲಸ, ಬಿಡದೆ ಬಡಿಸುವುದು ಕರೆದವರ ಕೆಲಸ. ಮಾರ್ಲೀಸಳ ಊರಿನಲ್ಲಿ ಬೇಡ ಅಂದರೆ ಬೇಡ. ಬೇಡ ಅಂದವರನ್ನು ಮತ್ತೆ ಕೇಳುವುದು ಅವರಿಗೆ ಅಗೌರವ. ಇಬ್ಬರೂ ಮರ್ಯಾದಸ್ಥರೇ, ನಡುವೆ ಉಪವಾಸ ಬಿದ್ದವರು ನಾವು. ಆದರೂ ರತ್ನಕ್ಕ ಹಟ ಬಿಡಲಿಲ್ಲ. ಅವರ ಪ್ರಕಾರ ತಪ್ಪು ಬಡಿಸುವವರದು.

ಕಾಲುವೆ ದಂಡೆ

ಉಟ್ರೆಕ್ಟಿನ ಮನೆಗಳಿಗೆ ದೊಡ್ಡ ದೊಡ್ಡ ಕಿಟಕಿ, ಪರದೆ ಎಳೆಯುವುದೇ ಇಲ್ಲ. ದಾರಿಯಲ್ಲಿ ಹೋಗುವವರಿಗೆ ಒಳಗೆ ಯಾರು ಏನು ಉಣ್ಣುತ್ತಿದ್ದಾರೆ ಎನ್ನುವುದೆಲ್ಲ ಕಾಣುತ್ತದೆ. ಕಂಡರೂ ಯಾರೂ ಒಳಗೆ ನೋಡುವುದಿಲ್ಲ. ನಾವು ಮೂವರು ಮಾತ್ರ ಪ್ರತಿ ಕಿಟಕಿಗೂ ನಿಂತು ನೋಡಿದೆವು. ಒಂದು ಮನೆಯಲ್ಲಿ ದೊಡ್ಡ ಗಂಡಸೊಬ್ಬ ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಸಾಸಿವೆಯಂಥ ಚಾಕೊಲೇಟು ಕಾಳು ಉದುರಿಸಿಕೊಂಡು ತಿನ್ನುತ್ತಿದ್ದ. "ಪಾಪ, ಮನೇಲಿ ಸಾರು ಮಾಡೋರಿಲ್ವೇನೋ" ಎಂದು ಮರುಗಿದರು ರತ್ನಕ್ಕ. ಅವನು ತಲೆಯೆತ್ತಿ ನಮ್ಮನ್ನು ನೋಡಿದ. ಮಂಜುಳಾ ಕೈ ಬೀಸಿದಳು. ಅವನೂ ಬೀಸಿದ.

ಅಲ್ಲೇ ಕಾಲುವೆ ದಂಡೆಯ ಬೆಂಚಿನಲ್ಲಿ ನಮಗೆ ಬ್ರಿಜಿಟ್ ಸಿಕ್ಕಿದ್ದು. ಐರ್ಲೆಂಡಿನವಳು, ಎಪ್ಪತ್ತು ದಾಟಿದವಳು. ಅವಳೂ ನಮ್ಮಂತೆ ಅರ್ಜಿ ಹಾಕಿ ಬಂದವಳೇ. ಅವಳ ದೇಶದಲ್ಲಿ ಬಂಡಿಗಳಲ್ಲಿ ಊರೂರು ಅಲೆಯುತ್ತಿದ್ದ ಜನ ಇದ್ದಾರಂತೆ. ಅವರನ್ನು ಹೋಟೆಲಿನೊಳಕ್ಕೂ ಬಿಟ್ಟುಕೊಳ್ಳದ ಊರುಗಳಿವೆಯಂತೆ. ಆ ಹೆಂಗಸರನ್ನು ಕೂಡಿಸಿ ಹಾಡುವ ತಂಡ ಕಟ್ಟಿದ್ದಾಳೆ. ನಾನಿದನ್ನು ಅನುವಾದ ಮಾಡಿದಾಗ ರತ್ನಕ್ಕ ಬ್ರಿಜಿಟ್‌ಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಅಲ್ಲೂ ಇದೆಯಾ ಇದು!" ಎಂದರು. ಬ್ರಿಜಿಟ್‌ಳ ಇಂಗ್ಲಿಷ್ ಮಾತ್ರ ದೇವರೇ ಕಾಪಾಡಬೇಕು. ನನ್ನ ಕ್ಲಾಸಿಗೆ ಬಂದಿದ್ದರೆ ಮೊದಲ ದಿನವೇ ಹೊರಗೆ ನಿಲ್ಲಿಸುತ್ತಿದ್ದೆ.

ಅವಳು ಚೀಲದಿಂದ ಒಂದು ಕೇಕು ತೆಗೆದು ರತ್ನಕ್ಕನ ಮುಂದೆ ಹಿಡಿದಳು. ರತ್ನಕ್ಕ ತಮ್ಮ ಮಾಮೂಲು "ಬ್ಯಾಡ ಬುಡಿ" ಹೇಳಿ ಕೈ ಅಡ್ಡ ಹಿಡಿದರು. ನಾನು ಮನಸ್ಸಿನಲ್ಲೇ ಆ ಕೇಕಿಗೆ ಸಲಾಂ ಹೇಳಿದೆ.

ಬ್ರಿಜಿಟ್ ಕೇಕನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ! ಒಂದು ಚೂರು ತಗೋ ಎಂದಳು. ರತ್ನಕ್ಕ ಮತ್ತೆ ಬೇಡ ಎಂದರು. ಅಯ್ಯೋ ತಗೋ ಮಾರಾಯ್ತಿ, ನೀನು ತಿನ್ನದಿದ್ದರೆ ನನಗೆ ಬೇಜಾರಾಗುತ್ತದೆ ಎನ್ನುವಂತೆ ಏನೋ ಹೇಳಿ, ರತ್ನಕ್ಕನ ಅಂಗೈ ಎಳೆದು ಅದರ ಮೇಲೆ ದೊಡ್ಡ ತುಂಡು ಇಟ್ಟೇಬಿಟ್ಟಳು. ರತ್ನಕ್ಕನ ಮುಖ ಅರಳಿತು. "ಮಿಸ್ಸೇ, ಇವ್ಳು ನಮ್ ಕಡೆಯೋಳೇ ಕಣೇ!" ಎಂದು ಬಾಯ್ತುಂಬ ಕೇಕು ಇಟ್ಟುಕೊಂಡು ಹೇಳಿದರು. ಆಮೇಲೆ ಇಬ್ಬರೂ ಕೂತು, ಒಂದೇ ಒಂದು ಪದವೂ ಪರಸ್ಪರ ಅರ್ಥವಾಗದೆ, ಗಂಟೆಗಟ್ಟಲೆ ಮಾತಾಡಿದರು. ನಾನು ಅನುವಾದ ಮಾಡಲು ಹೋದರೆ ಸುಮ್ಮನಿರು ಎಂದರು.

ಏಳು ಹೇರ್ ಡ್ರೈಯರ್

ತೀರ್ಮಾನದ ಹಿಂದಿನ ಸಂಜೆ ಎಲ್ಲ ತಂಡಗಳೂ ತಮ್ಮ ಕಲೆ ತೋರಿಸಬೇಕಿತ್ತು. ಅವತ್ತು ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ರತ್ನಕ್ಕ ತಮಟೆ ತೆಗೆದು ಒಂದು ಏಟು ಹಾಕಿದರು. ಡೊಬ್ ಎಂದಿತು. ನೆನೆದ ಹಪ್ಪಳ ಇನ್ನೂ ಜೋರಾಗಿ ಸದ್ದು ಮಾಡುತ್ತದೆ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೇ ಅದು ಮಾತಾಡುವುದು. "ಒಂದಿಷ್ಟು ಹುಲ್ಲು ಕೊಡ್ಸು, ಹಿತ್ಲಾಗೆ ಉರಿ ಹಾಕ್ಕತೀನಿ" ಎಂದರು ನನಗೆ. ನಾನು ಅದನ್ನು ಮಾರ್ಲೀಸ್‌ಗೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ನಾವೆಲ್ಲ ಇಳಿದುಕೊಂಡಿದ್ದ ಆ ಕಟ್ಟಡದಲ್ಲಿ ಊದಿನಕಡ್ಡಿ ಹಚ್ಚಿದರೂ ಅಗ್ನಿಶಾಮಕದವರು ಬರುತ್ತಾರಂತೆ.

ಉಪಾಯ ಹೊಳೆದದ್ದು ಮಂಜುಳಾಗೆ. ನಮ್ಮ ರೂಮಿನ ಬಚ್ಚಲಿನಲ್ಲಿ ಕೂದಲು ಒಣಗಿಸುವ ಯಂತ್ರ ಇತ್ತಲ್ಲ! ಒಂದು ಸಾಲದೆಂದು ಎಲ್ಲ ರೂಮುಗಳ ಬಾಗಿಲು ತಟ್ಟಿದಳು. ಐದು ನಿಮಿಷದಲ್ಲಿ ಹಾಲಿನ ಮಧ್ಯೆ ತಮಟೆಯನ್ನಿಟ್ಟುಕೊಂಡು ರತ್ನಕ್ಕ ಕೂತಿದ್ದಾರೆ, ಸುತ್ತಲೂ ದೇಶ ದೇಶದ ಹೆಂಗಸರು ಏಳು ಹೇರ್ ಡ್ರೈಯರ್ ಹಿಡಿದು ಬಾಣಂತಿಗೆ ಕೆಂಡದ ಕಾವು ಕೊಡುವ ಹಾಗೆ ಕಾಯಿಸುತ್ತಿದ್ದಾರೆ. ಮಾರ್ಲೀಸ್ ಸ್ವತಃ ಒಂದನ್ನು ಹಿಡಿದಿದ್ದಳು. ಭರ್ರೋ ಎನ್ನುವ ಆ ಸದ್ದಿನ ನಡುವೆ ರತ್ನಕ್ಕ ಆಗಾಗ ಬೆರಳಿಂದ ಮಿಡಿದು, ತಲೆಯಾಡಿಸಿ, "ಇನ್ನೂ... ಇನ್ನೂ..." ಎನ್ನುತ್ತಿದ್ದರು. ಕೊನೆಗೊಮ್ಮೆ ಖಣ್ ಎಂದಿತು ನೋಡಿ! ಎಲ್ಲರೂ ಕಿರುಚಿದರು.

ಆ ಸಂಜೆ ರತ್ನಕ್ಕ ಬಡಿದರು, ಮಂಜುಳಾ ಹಾಡಿದಳು. ಬಾಗಿಲಾಚೆ ನಿಲ್ಲಿಸಿದವರೇ, ನಮ್ಮ ಸದ್ದು ಮಾತ್ರ ಹೇಗೆ ಒಳಗೆ ಬಂತು ಎಂದು ಕೇಳುವ, ತಮಟೆ ತಂಡದವರೇ ಕಟ್ಟಿದ ಹಾಡು. ನನ್ನ ಅನುವಾದ ಕೇಳಿಸಿಕೊಳ್ಳಲು ಯಾರೂ ಕೂತಿರಲಿಲ್ಲ, ಎಲ್ಲ ಎದ್ದು ಕುಣಿಯುತ್ತಿದ್ದರು. ಮೊಣಕಾಲು ನೋವಿನ ನಾನೂ ಕುಣಿದೆ. ಇನ್ನೇನು ಬೇಕು, ಗೋದಾಮು ನಮ್ಮದೇ ಎಂದುಕೊಂಡು ಮಲಗಿದೆ.

ಗುಂಡಗೆ ಹಾಕಿದ ಕುರ್ಚಿಗಳು

ಮರುದಿನ ಮಧ್ಯಾಹ್ನ ಎಲ್ಲರೂ ಗುಂಡಗೆ ಕೂತೆವು. ಮಾರ್ಲೀಸ್ ನಿಯಮ ಹೇಳಿದಳು. ಪ್ರತಿ ತಂಡವನ್ನೂ ಒಂದೇ ಪ್ರಶ್ನೆ ಕೇಳಲಾಗುತ್ತದೆ: ನೀವು ಕೇಳಿದ ಹಣ ನಿಮಗೆ ಬೇಕೇ, ಅಥವಾ ಬೇರೆಯವರಿಗೆ ಬಿಟ್ಟುಕೊಡುತ್ತೀರಾ? ಬೇಕು ಎಂದವರ ಬಗ್ಗೆ ಉಳಿದವರು ಒಪ್ಪಿಗೆ ಸೂಚಿಸಬೇಕು. ಬಿಟ್ಟುಕೊಟ್ಟರೆ ಅದು ಎಲ್ಲರ ಪಾಲಿಗೆ ಸೇರುತ್ತದೆ. ನಾನು ಇದನ್ನು ಅಕ್ಷರ ಬಿಡದೆ ರತ್ನಕ್ಕನಿಗೆ ಹೇಳಿದೆ. ಅವರು ತಲೆಯಾಡಿಸಿದರು.

ಮೊದಲು ಲಿಸ್ಬನ್ನಿನ ಒಬ್ಬ ಯುವಕ. ಗೋಡೆಗಳ ಮೇಲೆ ಚಿತ್ರ ಬರೆಯುವವನು. "ಬೇಕು" ಎಂದ ಸೀದಾ. ಎಲ್ಲರೂ ಒಪ್ಪಿದರು. ರತ್ನಕ್ಕ ನನ್ನ ಕಿವಿಯ ಹತ್ತಿರ ಬಾಗಿ, "ಒಂದೇ ಸಲಕ್ಕೆ ಹ್ಞೂಂ ಅಂದ್ಬುಟ್ನಲ್ಲ! ಅವ್ರವ್ವ ಏನೂ ಹೇಳ್ಕೊಟ್ಟಿಲ್ವಾ?" ಎಂದರು. ನಾನು ನಕ್ಕೆ. ಆ ನಗುವಿನಲ್ಲೇ ನನಗೆ ಬುದ್ಧಿ ಬರಬೇಕಿತ್ತು.

ಆಮೇಲೆ ನಮ್ಮ ಸರದಿ. ಮಾರ್ಲೀಸ್ ತನ್ನ ಕುರ್ಚಿಯಿಂದ ಮುಂದೆ ಬಾಗಿ, ರತ್ನಕ್ಕನ ಕಣ್ಣಲ್ಲಿ ಕಣ್ಣಿಟ್ಟು, "ಕೋಣೆಗಾಗಿ ನೀವು ಕೇಳಿದ ಹಣ ನಿಮಗೆ ಬೇಕೇ?" ಎಂದಳು.

ರತ್ನಕ್ಕ ಸೆರಗು ಹೊದ್ದುಕೊಂಡರು. ಮುಖದಲ್ಲಿ ಮದುಮಗಳ ನಾಚಿಕೆ. "ಅಯ್ಯೋ, ನಮ್ದೇನೈತೆ ಬುಡಿ. ನಮಗೆ ಬ್ಯಾಡ. ಮೊದ್ಲು ಬೇರೆಯೋರಿಗೆ ಕೊಡಿ."

ನನ್ನ ಇಪ್ಪತ್ತು ವರ್ಷದ ಇಂಗ್ಲಿಷ್ ನನಗಿಂತ ಮುಂದೆ ಓಡಿತು. ರತ್ನಕ್ಕ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು ಅಚ್ಚುಕಟ್ಟಾಗಿ, ವ್ಯಾಕರಣ ತಪ್ಪದೆ, ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದೆ. ಆಮೇಲೆ ಚಪ್ಪಾಳೆ! ಕೆಲವರು ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು ಎಂದರು. ಮಾರ್ಲೀಸ್ ಎದೆಯ ಮೇಲೆ ಕೈಯಿಟ್ಟುಕೊಂಡು ರತ್ನಕ್ಕನಿಗೆ ಧನ್ಯವಾದ ಹೇಳಿ, ಮುಂದಿನ ತಂಡದ ಕಡೆ ತಿರುಗಿದಳು.

ಬಿಸ್ಕತ್ತಿನ ಡಬ್ಬಿ ಟಪ್ ಎಂದು ಮುಚ್ಚಿದ ಸದ್ದು ನನ್ನ ಕಿವಿಯಲ್ಲಿ ಕೇಳಿಸಿತು.

"ಚಪ್ಪಾಳೆ ಯಾಕೆ ಮಿಸ್ಸೇ?" ಎಂದು ರತ್ನಕ್ಕ ಸಂತೋಷದಿಂದ ಕೇಳಿದರು. "ಈಗ ಇನ್ನೊಂದ್ಸಲ ಕೇಳ್ತಾರಾ?"

ಮಂಜುಳಾ ನನ್ನ ತೊಡೆ ಚಿವುಟಿದಳು. "ಮಿಸ್ಸೇ, ಏನಾರಾ ಮಾಡಿ! ಗೋಡೋನು ಹೋಯ್ತು!"

ನಾನು ಎದ್ದು ನಿಂತೆ. ತಪ್ಪಾಯಿತು, ಅವರು ಬೇಡ ಅಂದದ್ದು ಬೇಡ ಅಂತ ಅಲ್ಲ ಎಂದೆ. ಹಾಗಾದರೆ ಬೇಕೇ, ಎಂದಳು ಮಾರ್ಲೀಸ್. ಹೌದು, ಆದರೆ ಅವರು ಹಾಗೆ ಹೇಳುವುದಿಲ್ಲ ಎಂದೆ. ಯಾಕೆ ಹೇಳುವುದಿಲ್ಲ, ಎಂದಳು. ಉಪಚಾರ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ಮಹಡಿಯ ಮೇಲೆ ನಾನೆಂದೂ ಅದನ್ನು ಕಲಿಸಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ಪ್ಲೀಸ್, ಯು ಹ್ಯಾವ್ ಟು ಫೋರ್ಸ್ ಹರ್!"

ಸುತ್ತ ಕೂತವರು ಬೆಚ್ಚಿಬಿದ್ದರು. ನಾವು ಯಾರನ್ನೂ ಬಲವಂತ ಮಾಡುವುದಿಲ್ಲ ಎಂದಳು ಮಾರ್ಲೀಸ್, ಗಂಭೀರವಾಗಿ. ಅನುವಾದಕಿ ತನ್ನ ಆಸೆಯನ್ನು ಆ ತಾಯಿಯ ಬಾಯಿಗೆ ಹಾಕುತ್ತಿದ್ದಾಳೆ ಎಂಬ ಅನುಮಾನ ಅವಳ ಕಣ್ಣಲ್ಲಿ ಕಂಡಿತು. ನನಗೆ ಅಳುವೇ ಬಂತು. ರೈಲ್ವೆ ಸೇತುವೆ ಕೆಳಗೆ ಕಾಯುತ್ತಿರುವ ಅಷ್ಟು ಹೆಂಗಸರಿಗೆ ನಾನು ಏನು ಹೇಳಲಿ?

ಆಗ ಎದುರಿನಿಂದ ಒಂದು ಕುರ್ಚಿ ಕಿರ್ರೆಂದಿತು. ಬ್ರಿಜಿಟ್ ಎದ್ದಿದ್ದಳು. ಅವಳು ಹೇಳಿದ್ದು ಅವತ್ತು ಮಾತ್ರ ನನಗೆ ಪೂರ್ತಿ ಅರ್ಥವಾಯಿತು. "ನೀವೆಲ್ಲ ಎಂಥ ಜನ! ನಮ್ಮಜ್ಜಿ ಪಕ್ಕದ ಮನೆಗೆ ಹೋದರೆ ಹಸಿವಿನಿಂದ ಸತ್ತಾಳೇ ಹೊರತು ಮೊದಲ ಸಲಕ್ಕೆ ಟೀ ಕುಡಿಯುತ್ತಿರಲಿಲ್ಲ. ಮೂರು ಸಲ ಕೇಳಬೇಕು. ಮೂರನೇ ಸಲ ಬೇಡ ಅಂದರೆ ಆಗ ಬೇಡ. ಇವಳನ್ನು ಒಂದು ಸಲ ಕೇಳಿ ಬಾಗಿಲು ಹಾಕಿಕೊಂಡಿರಲ್ಲ!" ನಡೆದು ಬಂದು ರತ್ನಕ್ಕನ ಮುಂದೆ ನೆಲದ ಮೇಲೆಯೇ ಕೂತಳು. ಅವರ ಕೈ ಹಿಡಿದುಕೊಂಡಳು. "ತಗೋ, ರತ್ನಾ. ಬೇಕಲ್ಲವೇ ನಿನಗೆ?"

ರತ್ನಕ್ಕ ನಕ್ಕು, "ಬ್ಯಾಡ ಬುಡವ್ವ, ನಿಮ್ಗ್ಯಾಕೆ ತೊಂದ್ರೆ ಕೊಡ್ಲಿ" ಎಂದರು. ಈ ಸಲ ನಾನು ಅನುವಾದ ಮಾಡಲಿಲ್ಲ. ಬ್ರಿಜಿಟ್ ಎಲ್ಲರ ಕಡೆ ತಿರುಗಿ, ನೋಡಿದಿರಾ, ಇದು ಎರಡನೆಯದು ಎಂದಳು. ಅವರ ಭಾಷೆಯಲ್ಲಿ ತಗೋ ಅನ್ನುವುದಕ್ಕೆ ಏನನ್ನುತ್ತಾರೆ ಎಂದು ನನ್ನನ್ನು ಕೇಳಿದಳು. "ತಗೊಳ್ಳಿ" ಎಂದೆ. ಲಿಸ್ಬನ್ನಿನ ಯುವಕ "ತಗೊಲಿ" ಎಂದ. ಇನ್ನೊಬ್ಬರು "ತಾಗೋಳಿ" ಎಂದರು. ಮಾರ್ಲೀಸ್ ಕೂಡ ಎದ್ದು ನಿಂತು, ತನ್ನ ಅಷ್ಟೆತ್ತರದಿಂದ, ಕೆನ್ನೆ ಕೆಂಪಗೆ ಮಾಡಿಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಒಬ್ಬರನ್ನು ಮೂರನೇ ಸಲ ಕೇಳಿದಳು. ಇಡೀ ಕೋಣೆ ಒಟ್ಟಿಗೆ ತಗೊಲಿ, ತಾಗೋಳಿ, ತಗ್ಗೋಲಿ ಎಂದು ಕೂಗಿತು.

ರತ್ನಕ್ಕ ಒಂದು ಸುತ್ತು ಎಲ್ಲರ ಮುಖ ನೋಡಿದರು. ಅವಸರವೇ ಇರಲಿಲ್ಲ ಅವರಿಗೆ. "ಇಷ್ಟ್ ಜನ ಬಲವಂತ ಮಾಡ್ತಾ ಇದೀರಾ. ಬ್ಯಾಡ ಅಂದ್ರೆ ನಿಮ್ಗೆ ಅವಮಾನ ಆಯ್ತದೆ. ಆಯ್ತು, ಒಂಚೂರು ಹಾಕಿ" ಎಂದರು.

"ಒಪ್ಪಿದರು!" ಎಂದು ನಾನು ಕೂಗಿದೆ.

"ಒಂಚೂರು ಅಂದರೆ ಎಷ್ಟು?" ಎಂದಳು ಮಾರ್ಲೀಸ್. ಮಂಜುಳಾ ರತ್ನಕ್ಕನ ಒಂಚೂರನ್ನು ಎರಡು ಬೆರಳ ಸಂದಿಯಲ್ಲಿ ಅಳತೆ ಮಾಡಿ ತೋರಿಸಿಬಿಟ್ಟಿದ್ದಳು.

"ಪೂರ್ತಿ! ಕೇಳಿದಷ್ಟೂ! ಒಂದು ಕಾಸೂ ಬಿಡದೆ!" ಎಂದು ನಾನು ಕಿರುಚಿದ ಇಂಗ್ಲಿಷಿನಲ್ಲಿ ವ್ಯಾಕರಣ ಇತ್ತೋ ಇಲ್ಲವೋ ಗೊತ್ತಿಲ್ಲ. ಎಲ್ಲರ ಕೈಗಳೂ ಮೇಲೆದ್ದವು.

ಸಂಜೆ ಕಾಲುವೆ ದಂಡೆಯಲ್ಲಿ ನನ್ನ ಸಿಟ್ಟೆಲ್ಲ ಹೊರಗೆ ಬಂತು. "ರತ್ನಕ್ಕಾ, ಆ ಬ್ರಿಜಿಟ್ ಇಲ್ದೇ ಇದ್ದಿದ್ರೆ? ವಿಮಾನದಲ್ಲಿ ನೋಡಿದ್ರಿ, ಬಿಸ್ಕತ್ತಿನಲ್ಲಿ ನೋಡಿದ್ರಿ. ಇವ್ರು ಎರಡನೇ ಸಲ ಕೇಳಲ್ಲ ಅಂತ ಗೊತ್ತಿದ್ದೂ ಬೇಡ ಅಂದ್ರಲ್ಲ!"

"ಗೊತ್ತಿತ್ತು ಮಿಸ್ಸೇ. ಬಾಯಿಗೆ ಬಂದ್ಬುಡ್ತು. ಅಪ್ಪನ ಜೊತೆ ಮದ್ವೆಗಳಿಗೆ ಹೋಗ್ತಿದ್ನಲ್ಲ, ಚಿಕ್ಕೋಳಿದ್ದಾಗ. ನಾವು ಆಚೆ ನಿಂತ್ಕಂಡು ಬಡಿಯೋದು. ಒಳಗೆ ಪಂಕ್ತಿ ಕಾಣೋದು. ಬ್ಯಾಡ ಬ್ಯಾಡ ಅಂದ್ರೂ ಹೋಳಿಗೆ ಹಾಕೋರು, ತುಪ್ಪ ಹಾಕೋರು, ಕೈ ಹಿಡ್ದು ಕೂರ್ಸೋರು. ನಮಗೆ ಎಲ್ಲಾ ಆದ್ಮೇಲೆ ಮಿಕ್ಕಿದ್ದು ಪಾತ್ರೆಗೆ ಸುರಿಯೋರು. ಸಾಕಾ ಅಂತ ಕೇಳ್ತಿರ್ಲಿಲ್ಲ, ಬೇಕಾ ಅಂತಾನೂ ಕೇಳ್ತಿರ್ಲಿಲ್ಲ. ಇವತ್ತು ಅಷ್ಟುದ್ದ ಹೆಂಗ್ಸು ಬಗ್ಗಿ, ನನ್ ಮುಖ ನೋಡಿ, ನಿಮಗೆ ಬೇಕಾ ಅಂತ ಕೇಳುದ್ಲು. ಒಂದೇ ಒಂದ್ಸಲ ನಾನೂ ಬ್ಯಾಡ ಅನ್ಬೇಕು ಅನ್ನುಸ್ತು. ಅವ್ರು ಬಲವಂತ ಮಾಡ್ಬೇಕು ಅನ್ನುಸ್ತು."

ಮಂಜುಳಾ ಸುಮ್ಮನೆ ಅವರ ತೋಳಿಗೆ ತಲೆಯಿಟ್ಟಳು. ನಾನು ನಾಚಿಕೆ ಬಿಟ್ಟು ಅತ್ತೆ. ಆಮೇಲೆ ರತ್ನಕ್ಕನೇ, "ಬುಡು ಮಿಸ್ಸೇ, ಸಿಕ್ತಲ್ಲ. ಈಗ ಹೊಟ್ಟೆ ಹಸೀತಾ ಐತೆ" ಎಂದರು. ಅವತ್ತು ಹೋಟೆಲಿನಲ್ಲಿ ನಾವು ಮೂವರೂ ಮೊದಲ ಸಲಕ್ಕೇ ಎಲ್ಲದಕ್ಕೂ ಹ್ಞೂಂ ಅಂದೆವು.

ಮತ್ತೆ ಗುಬ್ಬಿ

ಕೊಬ್ಬರಿ ಗೋದಾಮಿಗೆ ಸುಣ್ಣ ಬಳಿದೆವು. ಎಷ್ಟು ತೊಳೆದರೂ ಕೊಬ್ಬರಿ ವಾಸನೆ ಹೋಗಲಿಲ್ಲ, ಹೋಗುವುದೂ ಬೇಡ. ಬಾಗಿಲು ತೆಗೆದ ದಿನ ರತ್ನಕ್ಕನ ಸೊಂಟದಲ್ಲಿ ಕೀ ಗೊಂಚಲು. ಹೆಂಗಸರೆಲ್ಲ ಒಟ್ಟಿಗೆ ಬಡಿದಾಗ ಹೆಂಚಿನ ಸಂದಿಯಿಂದ ಧೂಳು ಉದುರಿ ನಮ್ಮೆಲ್ಲರ ತಲೆ ಬೆಳ್ಳಗಾಯಿತು. ಒಂದು ಮೂಲೆಯಲ್ಲಿ ಸ್ಟವ್ ಇಟ್ಟು ಕಾಫಿ ಕಾಯಿಸಿದ್ದರು.

ಬಡಿತ ನಿಂತಾಗ ನೋಡಿದರೆ ಬಾಗಿಲ ಬಳಿ ಎದುರು ಮನೆಯ ಶಾರದಮ್ಮ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯಲ್ಲಿ. ಸೌಂಡಿನ ಜಗಳಕ್ಕೇ ಬಂದರು ಎಂದು ಮಂಜುಳಾ ಸೊಂಟಕ್ಕೆ ಕೈಯಿಟ್ಟು ತಯಾರಾದಳು.

"ಬನ್ನಿ ಶಾರದಮ್ಮ, ಒಳೀಕೆ ಬನ್ನಿ. ಕಾಫಿ ಕುಡೀರಿ" ಎಂದರು ರತ್ನಕ್ಕ.

"ಇಲ್ಲ ಇಲ್ಲ, ಬೇಡ. ಈಗ್ತಾನೆ ಕುಡ್ದು ಬಂದೆ. ಸುಮ್ನೆ ನೋಡಕ್ಕೆ ಬಂದೆ."

ನಮ್ಮೂರಿನಲ್ಲಿ ಬೇಡ ಅನ್ನುವುದರಲ್ಲಿ ಎರಡು ಬಗೆ ಇದೆ. ಒಂದು ಮರ್ಯಾದೆಯ ಬೇಡ. ಇನ್ನೊಂದು, ನಿಮ್ಮ ಕೈಯ ನೀರು ನಮಗೆ ಬೇಡ ಅನ್ನುವ ಬೇಡ. ಕೇಳುವುದಕ್ಕೆ ಎರಡೂ ಒಂದೇ ಥರ ಇರುತ್ತದೆ. ಇದು ಯಾವುದೆಂದು ನನಗೆ ತಿಳಿಯಲಿಲ್ಲ. ಬಹುಶಃ ಶಾರದಮ್ಮನಿಗೂ ಅಷ್ಟು ಸ್ಪಷ್ಟವಿರಲಿಲ್ಲ.

ರತ್ನಕ್ಕ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಬಾಗಿಲ ತನಕ ಹೋದರು. "ಅರ್ಧ ಲೋಟ ತಗೊಳಿ."

"ಬೇಡ ಕಣಮ್ಮ, ನನಗೆ ಹೀಟು."

"ಒಂದ್ ಗುಟುಕು. ಮೊದಲ್ನೇ ದಿನ, ಹಂಗೇ ಹೋಗ್ಬಾರ್ದು. ತಗೊಳಿ, ಸಂಕೋಚ ಬ್ಯಾಡ."

ಶಾರದಮ್ಮ ಲೋಟ ನೋಡಿದರು, ರಸ್ತೆಯ ಆ ತುದಿ ಈ ತುದಿ ನೋಡಿದರು. ರಸ್ತೆಯಲ್ಲಿದ್ದ ಕಾಲನ್ನು ಎತ್ತಿ ಹೊಸಿಲ ಒಳಗಿಟ್ಟರು. ಲೋಟ ತೆಗೆದುಕೊಂಡು, ಬೆಂಚಿನ ತುದಿಯಲ್ಲಿ ಕೂತು, ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಸಕ್ಕರೆ ಒಂಚೂರು ಕಮ್ಮಿ ಆಯ್ತಲ್ಲ ರತ್ನಮ್ಮ."

ಈ ಸಲ ರತ್ನಕ್ಕ ಏನೂ ಕೇಳಲಿಲ್ಲ. ಡಬ್ಬಿ ತೆಗೆದು ಎರಡು ಚಮಚ ಹಾಕಿಯೇಬಿಟ್ಟರು.